ಕೋಲು ಗರಗಸ ಕೊಳ್ಳುವ ಮುಂಚೆ

ಎತ್ತರದ ಕೊಂಬೆ ಕೊಯ್ಯೋಕೆ ಉದ್ದ ಕೋಲಿನ ತುದಿಯಲ್ಲಿ ಬ್ಲೇಡು ಇರುವ ಕೋಲು ಗರಗಸ ಅಂದರೆ ಎಲ್ಲರೂ ಮೊದಲು ಉದ್ದ ಕೇಳುತ್ತಾರೆ. ನೋಡಬೇಕಾದ್ದು ಪೂರ್ತಿ ಉದ್ದಕ್ಕೆ ಎಳೆದಾಗ ಕೋಲು ಎಷ್ಟು ಬಳುಕುತ್ತದೆ ಅನ್ನೋದನ್ನ. ಬಳುಕಿದರೆ ಬ್ಲೇಡು ಗೀರಿನಿಂದ ಜಾರಿ ತೊಗಟೆ ಸುಲಿಯುತ್ತದೆ. ಕೈಯಲ್ಲಿ ಕೊಯ್ಯೋಕೆ ಬಾಗಿದ ಬ್ಲೇಡೇ ಸರಿ, ಎಳೆದಾಗ ಕಚ್ಚಿಕೊಂಡು ಕೊಯ್ಯುತ್ತದೆ. ಬ್ಯಾಟರಿಯಲ್ಲಿ ಓಡುವ ಚೈನ್ ಗರಗಸವಾದರೆ ತುದಿ ಭಾರ, ಭುಜ ಬೇಗ ಸೋಲುತ್ತದೆ. ಅಲ್ಯೂಮಿನಿಯಂ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ. ಫೈಬರ್‌ಗ್ಲಾಸ್ ಆದರೂ ವಿದ್ಯುತ್ ತಂತಿಯಿಂದ ಕನಿಷ್ಠ 3 ಮೀಟರ್ ದೂರವಿರಲೇಬೇಕು.

ದಪ್ಪ ಕೊಂಬೆಯನ್ನು ಕಾಂಡದಿಂದ 30 ಸೆಂ.ಮೀ. ಆಚೆ, ಮೊದಲು ಅಡಿಯಿಂದ ಕಾಲು ಭಾಗ ಕೊಯ್ಯಿರಿ. ಆಮೇಲೆ ತುಸು ತುದಿಯ ಕಡೆಗೆ, ಮೇಲಿನಿಂದ. ಇಲ್ಲದಿದ್ದರೆ ಬೀಳುವಾಗ ಕಾಂಡದ ಸಿಪ್ಪೆಯನ್ನೂ ಸೀಳಿಕೊಂಡು ಬರುತ್ತದೆ. ಉಳಿದ ಮೋಟನ್ನು ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿಗೆ ತಾಗದಂತೆ ತೆಗೆಯಿರಿ. ಗಾಯ ಮುಚ್ಚುವ ಅಂಚು ಬೆಳೆಯೋದು ಅಲ್ಲಿಂದಲೇ; ಕೊಯ್ಯೋದು ನಮಗೆ ಐದು ನಿಮಿಷ, ಮುಚ್ಚಿಕೊಳ್ಳೋಕೆ ಮರಕ್ಕೆ ವರ್ಷಗಳು ಬೇಕು. ಮತ್ತೆ, ಕೊಂಬೆಯ ನೇರ ಕೆಳಗೆ ನಿಲ್ಲಬೇಡಿ.