ಮೂವತ್ತು ದಿನದ ನೋಟಿಸು

ಅಮೆರಿಕದ ಇಲಾಖೆಗಳ ಒಳಗೇ ಕೂತು ಅವುಗಳ ಅಕ್ರಮ, ದುಂದುವೆಚ್ಚ ಕೆದಕುವವರು ಇನ್‌ಸ್ಪೆಕ್ಟರ್ ಜನರಲ್‌ಗಳು (ಐಜಿ). ಇವರಿಗೆ ಬುನಾದಿ 1978ರ ಕಾಯ್ದೆ. ದೊಡ್ಡ ಇಲಾಖೆಗಳಲ್ಲಿ ನೇಮಕಕ್ಕೆ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಿಗೆ ಬೇಕು, ತೆಗೆಯಲು ಅಧ್ಯಕ್ಷರೊಬ್ಬರೇ ಸಾಕು. ತಕರಾರಿನ ಬೇರು ಇಲ್ಲೇ.

ತೆಗೆಯುವ 30 ದಿನ ಮೊದಲೇ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಲಿಖಿತ ಕಾರಣ ಕೊಡಬೇಕೆಂದಿತು 2008ರ ತಿದ್ದುಪಡಿ. ಕಾರಣ ಹೇಗಿರಬೇಕೆಂದು ಹೇಳಲಿಲ್ಲ. 2020ರಲ್ಲಿ ಗುಪ್ತಚರ ವಿಭಾಗದ ಐಜಿ ಮೈಕೆಲ್ ಅಟ್ಕಿನ್ಸನ್ ಅವರನ್ನು ತೆಗೆದಾಗ ಟ್ರಂಪ್ ಬರೆದ ಕಾರಣ, ಅವರಲ್ಲಿ ಪೂರ್ತಿ ವಿಶ್ವಾಸ ಉಳಿದಿಲ್ಲ ಅನ್ನುವುದಷ್ಟೇ. ಆ 30 ದಿನವೂ ಅವರು ಕುರ್ಚಿಯಲ್ಲಿರಲಿಲ್ಲ. ತಕ್ಷಣ ರಜೆ ಮೇಲೆ ಕಳಿಸಿದ್ದರು. ನೋಟಿಸು ಇದ್ದೂ ಇಲ್ಲದಂತೆ.

2022ರ ಡಿಸೆಂಬರಿನ ಕಾಯ್ದೆ ಈ ತೂತುಗಳಿಗೆ ತೇಪೆ ಹಾಕಿತು. ಕಾರಣ ವಿವರವಾಗಿರಬೇಕು, ಆ ಪ್ರಕರಣಕ್ಕೇ ಸಂಬಂಧಿಸಿರಬೇಕು. ರಜೆ ಮೇಲೆ ಕಳಿಸಲು 15 ದಿನ ಮುಂಚಿತ ನೋಟಿಸು. ಹಂಗಾಮಿ ಹುದ್ದೆಗೆ ಹೊರಗಿನ ಆಪ್ತರನ್ನು ತಂದು ಕೂರಿಸುವಂತಿಲ್ಲ: ಅದೇ ಕಚೇರಿಯ ಮೊದಲ ಸಹಾಯಕರು, ಇಲ್ಲವೇ ಇನ್ನೊಂದು ಐಜಿ ಕಚೇರಿಯ ಹಿರಿಯರು. ನನ್ನ ಲೆಕ್ಕದಲ್ಲಿ ಇದೇ ಅತಿ ಉಪಯುಕ್ತ ಕಲಮು.

ಬಿಟ್ಟದ್ದು? ದುರ್ನಡತೆಯಂಥ ನಿರ್ದಿಷ್ಟ ಕಾರಣವಿದ್ದರೆ ಮಾತ್ರ ತೆಗೆಯಬಹುದೆಂಬ ಷರತ್ತು. 2021ರಲ್ಲಿ ಕೆಳಮನೆ ಪಾಸು ಮಾಡಿದ ಮಸೂದೆಯಲ್ಲಿ ಅದಿತ್ತು, ಕಾಯ್ದೆಗೆ ಬರಲಿಲ್ಲ. 2025ರ ಜನವರಿ 24ರ ರಾತ್ರಿ ಸುಮಾರು 17 ಐಜಿಗಳಿಗೆ ವಜಾದ ಇಮೇಲ್ ಬಂತು. ಕಾರಣ, 'ಬದಲಾಗುತ್ತಿರುವ ಆದ್ಯತೆಗಳು'. ಇದು ಕಾನೂನುಬಾಹಿರ ಎಂದು ಸೆಪ್ಟೆಂಬರಿನಲ್ಲಿ ನ್ಯಾಯಾಧೀಶೆ ಆನಾ ರೇಯಸ್ ಹೇಳಿದರು. ಆದರೂ ಮರುನೇಮಕಕ್ಕೆ ಆದೇಶಿಸಲಿಲ್ಲ: ಅಧ್ಯಕ್ಷರು ನೋಟಿಸು ಕೊಟ್ಟು 30 ದಿನದ ಮೇಲೆ ಮತ್ತೆ ತೆಗೆಯಬಹುದಲ್ಲ.