ಅರಸೀಕೆರೆ ಬೋರ್: ಮೂರನೇ ಸಲ ಇಳಿಸಿದಾಗ

ಬೋರ್‌ವೆಲ್ ಒಳಗಿನ ಉಷ್ಣತೆ ಮತ್ತು ರೆಸಿಸ್ಟೆನ್ಸ್ (ಕರೆಂಟಿಗೆ ಇರುವ ತಡೆ) ಅಳೆಯಲು ಕೇಬಲ್‌ಗೆ ಕಟ್ಟಿ ಇಳಿಸುವ ಪ್ರೋಬ್ ಒಳಗೆ ಈ ಸಲ ನೀರು ಹೋಗಲಿಲ್ಲ. ಅದೇ ದೊಡ್ಡ ಸಮಾಧಾನ. ಹೋದ ಸಲ ತೂತು ಮುಚ್ಚುವ ಎಪಾಕ್ಸಿ ಅಂಟು ಪೂರ್ತಿ ಒಣಗುವ ಮೊದಲೇ ಇಳಿಸಿಬಿಟ್ಟಿದ್ದೆ. ನೀರಿನೊಳಗೆ ಹತ್ತು ಮೀಟರಿಗೆ ಒಂದು ಬಾರ್‌ನಂತೆ ಒತ್ತಡ ಏರುತ್ತಾ ಹೋಗುತ್ತದೆ, ಸೂಜಿಯಷ್ಟು ತೂತಿದ್ದರೂ ಸಾಕು.

ಮಾವನ ತೆಂಗಿನ ತೋಟದ ಆರೂವರೆ ಇಂಚಿನ ಬೋರ್ ಇದು. ನೀರು ಕಡಿಮೆಯಾಗಿದೆ, ಇನ್ನೊಂದು ಕೊರೆಸೋಣ ಅಂತ ಮನೆಯಲ್ಲಿ ಮಾತು ನಡೆದಿತ್ತು. ಮೋಟಾರ್ ರಿಪೇರಿಗೆ ಹೋಗಿದೆ, ಪೈಪೂ ಹೊರಗಿದೆ. ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಹಳೆಯದರಲ್ಲಿ ನೀರು ಯಾವ ಆಳದಿಂದ ಬರುತ್ತಿದೆ ಅಂತ ನೋಡಬೇಕಲ್ವಾ?

ನಮ್ಮ ಕಡೆ ಕೆಳಗಿರುವುದು ನೈಸ್ (gneiss) ಅನ್ನುವ ಗಟ್ಟಿ ಬಂಡೆ. ಗಟ್ಟಿ ಬಂಡೆಯಲ್ಲಿ ನೀರಿಲ್ಲ, ಕರೆಂಟೂ ಸರಿಯಾಗಿ ಹರಿಯುವುದಿಲ್ಲ. ನೀರು ತುಂಬಿದ ಬಿರುಕು ಬಂದ ಕಡೆ ರೆಸಿಸ್ಟೆನ್ಸ್ ಇಳಿಯುತ್ತದೆ. ಒಂದು ಎಲೆಕ್ಟ್ರೋಡ್ ಪ್ರೋಬ್‌ನಲ್ಲಿ, ಇನ್ನೊಂದನ್ನು ಬದುವಿನ ಹಸಿ ಮಣ್ಣಿನಲ್ಲಿ ಹೂತಿದ್ದೇನೆ. ಮೊದಲು ಬ್ಯಾಟರಿಯಿಂದ ಒಂದೇ ದಿಕ್ಕಿಗೆ ಕರೆಂಟ್ ಕೊಟ್ಟಾಗ ಅಂಕಿ ಸುಮ್ನೆ ಜಾರುತ್ತಿತ್ತು, ಈಗ ದಿಕ್ಕು ಬದಲಿಸುತ್ತಾ ಕೊಟ್ಟರೆ ನಿಲ್ಲುತ್ತಿದೆ.

ಬಿರುಕಿನಿಂದ ನೀರು ಒಳಬರುವ ಕಡೆ ಬೋರಿನ ನೀರಿನ ಉಷ್ಣತೆ ತಟ್ಟನೆ ಬದಲಾಗಬಹುದು. ಅದನ್ನು ಪ್ರೋಬ್ ಇಳಿಸುವಾಗಲೇ ಅಳೆಯಬೇಕು, ಮೇಲೆತ್ತುವಾಗ ನೀರು ಕದಡಿರುತ್ತದೆ. ರೆಸಿಸ್ಟೆನ್ಸ್ ಮಾತ್ರ ಮೇಲೆತ್ತುವಾಗ, ಕೇಬಲ್ ಬಿಗಿಯಾಗಿದ್ದರೆ ಆಳ ತಪ್ಪುವುದಿಲ್ಲ. ಮೀಟರಿಗೊಮ್ಮೆ ನಿಲ್ಲಿಸಿ, ಅಂಕಿ ಓದಿ, ನೋಟ್‌ಬುಕ್‌ನಲ್ಲಿ ಬರೆಯುವುದು. 1927ರಲ್ಲಿ ಫ್ರಾನ್ಸಿನ ಪೆಶೆಲ್‌ಬ್ರಾನ್‌ನ ಎಣ್ಣೆ ಬಾವಿಯಲ್ಲಿ ಮೊದಲ ವಿದ್ಯುತ್ ಲಾಗ್ (ಯಾವ ಆಳದಲ್ಲಿ ಎಷ್ಟು ರೆಸಿಸ್ಟೆನ್ಸ್ ಅನ್ನುವ ದಾಖಲೆ) ತೆಗೆದಾಗಲೂ ಹೀಗೇ ನಿಲ್ಲಿಸಿ ನಿಲ್ಲಿಸಿ ಅಳೆದು, ಗ್ರಾಫನ್ನು ಕೈಯಲ್ಲೇ ಬರೆದಿದ್ದರು. ನನಗದು ದೊಡ್ಡ ಧೈರ್ಯ.

ಪ್ರೋಬ್ ನೀರಿನ ಮಟ್ಟ ಮುಟ್ಟಿದ್ದು 34 ಮೀಟರಿಗೆ. ರೆಸಿಸ್ಟೆನ್ಸ್ ಎರಡು ಕಡೆ ಕುಸಿಯಿತು, 52 ಮತ್ತು 71 ಮೀಟರಿನಲ್ಲಿ. ಆದರೆ ನಿಧಾನವಾಗಿ ಏರುತ್ತಿದ್ದ ಉಷ್ಣತೆ 52ರಲ್ಲಿ ಮಾತ್ರ ತಟ್ಟನೆ ಇಳಿಯಿತು. ಸೆನ್ಸರ್ ತೋರಿಸಬಲ್ಲ ಅತಿ ಚಿಕ್ಕ ಬದಲಾವಣೆಯ ಮೂರು ಪಟ್ಟು, ಅಂದರೆ ಸುಮಾರು 0.19 ಡಿಗ್ರಿ. ಮಾರನೇ ಬೆಳಿಗ್ಗೆ ಮತ್ತೆ ಇಳಿಸಿದೆ, ಅದೇ ಜಾಗ, ಅದೇ ಇಳಿತ. ಅಷ್ಟರಲ್ಲಿ ಮಾವ ಕಾಫಿ ತಂದು ಕೊಡುತ್ತಾ, "ಕೊರೆಯುವಾಗ 170 ಅಡಿಗೆ ಒಂದು ಗ್ಯಾಪ್ ಸಿಕ್ಕಿತ್ತು ಕಣಪ್ಪ" ಅಂದರು. ನನ್ನ ಅಂಕಿಯನ್ನು ಅವರಿಗಿನ್ನೂ ಹೇಳಿರಲಿಲ್ಲ. 170 ಅಡಿ ಅಂದರೆ ಹೆಚ್ಚುಕಡಿಮೆ 52 ಮೀಟರ್!

71ರದ್ದು ಇನ್ನೂ ಬಗೆಹರಿದಿಲ್ಲ. ಅಲ್ಲಿ ನೀರು ಹರಿಯದ ಬಿರುಕಿರಬಹುದು, ಇಲ್ಲವೇ ಗೋಡೆ ಉದುರಿ ಬೋರ್ ಅಗಲವಾಗಿರಬಹುದು. ಅಗಲವಾದರೆ ಎಲೆಕ್ಟ್ರೋಡ್ ಸುತ್ತ ನೀರೇ ಜಾಸ್ತಿ, ಆಗಲೂ ರೆಸಿಸ್ಟೆನ್ಸ್ ಇಳಿಯುತ್ತದೆ. ಅದಕ್ಕೆ ಬೋರಿನ ಅಗಲ ಅಳೆಯುವ ಮೂರು ಕಾಲಿನ ಕ್ಯಾಲಿಪರ್ ಮಾಡಬೇಕು, ಸ್ಪ್ರಿಂಗ್ ಹುಡುಕುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಕೆಜಿ ಉಪ್ಪನ್ನು ಕರಗಿಸಿ, ಉದ್ದ ಮೆದುಪೈಪಿನಲ್ಲಿ ಮೇಲಿಂದ ಕೆಳಗಿನವರೆಗೂ ಬೆರೆಸಿ, ಗಂಟೆಗೊಮ್ಮೆ ನೀರಿನ ವಾಹಕತೆ (ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದು) ಅಳೆಯುತ್ತೇನೆ, ಉಪ್ಪು ಹೆಚ್ಚಿದ್ದಷ್ಟೂ ಅದು ಹೆಚ್ಚು. ಹೊಸ ನೀರು ಬರುವ ಕಡೆ ಉಪ್ಪು ಮೊದಲು ತಿಳಿಯಾಗುತ್ತದೆ. ಮೋಟಾರ್ ವಾಪಸ್ ಬರಲು ಇನ್ನು ನಾಲ್ಕು ದಿನ ಇದೆ. ಅಲ್ಲಿಯವರೆಗೆ ರಿಗ್‌ನವರಿಗೆ ಫೋನ್ ಮಾಡುವುದಿಲ್ಲ ಅಂತ ಮಾವ ಒಪ್ಪಿದ್ದಾರೆ.