ಕ್ಲಸ್ಟರ್ ತಲೆನೋವು: ವೆರಪಮಿಲ್ ಇದ್ದಲ್ಲಿ ಇಸಿಜಿಯೂ ಇರಲಿ

ಒಂದೇ ಕಣ್ಣಿನ ಸುತ್ತ ಕೊರೆಯುವ ನೋವು, ಆ ಕಣ್ಣಲ್ಲೇ ನೀರು, 15 ನಿಮಿಷದಿಂದ 3 ಗಂಟೆ. ನೋವು ಬಂದಮೇಲೆ ಮಾತ್ರೆ ನುಂಗಿ ಕಾಯುವುದು ಬರೀ ಹಿಂಸೆ. ಅದು ಕೆಲಸ ಮಾಡುವಷ್ಟರಲ್ಲಿ ನೋವೇ ಇಳಿದಿರುತ್ತದೆ. ಹೀಗೆ ವಾರಗಟ್ಟಲೆ ಮತ್ತೆ ಮತ್ತೆ ಬರುವ ನೋವಿನ ಸರಣಿ ಶುರುವಾದ ಕೂಡಲೇ ತಡೆಯುವ ಔಷಧ ಬೇಕು.

ಮೊದಲ ಆಯ್ಕೆ ಸಾಮಾನ್ಯವಾಗಿ ವೆರಪಮಿಲ್. ದಿನಕ್ಕೆ ಮೂರು ಸಲ 80 ಮಿ.ಗ್ರಾಂ.ನಿಂದ ಆರಂಭಿಸಿ, ಒಂದೆರಡು ವಾರಕ್ಕೊಮ್ಮೆ ದಿನದ ಡೋಸಿಗೆ 80 ಸೇರಿಸುತ್ತಾರೆ. ಇದು ಹೃದಯದ ವಿದ್ಯುತ್ ಸಂಕೇತವನ್ನು ನಿಧಾನಗೊಳಿಸುತ್ತದೆ. ಆದ್ದರಿಂದ ಆರಂಭಕ್ಕೂ ಪ್ರತಿ ಏರಿಕೆಗೂ ಮುನ್ನ ಇಸಿಜಿ ಆಗಲೇಬೇಕು. ವರದಿಯಲ್ಲಿ 'ಪಿಆರ್ ಇಂಟರ್ವಲ್' (ವಿದ್ಯುತ್ ಸಂಕೇತ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ತಲುಪಲು ಹಿಡಿಯುವ ಸಮಯ) ನೋಡಿ: 200 ಮಿಲಿಸೆಕೆಂಡ್ ದಾಟಿದ್ದರೆ ವೈದ್ಯರನ್ನು ಕೇಳದೆ ಮುಂದಿನ ಡೋಸಿಗೆ ಹೋಗಬೇಡಿ. ಆರಾಮಾಗೇ ಇದ್ದೀನಲ್ಲ ಎಂದು ಇಸಿಜಿ ತಪ್ಪಿಸುವವರನ್ನು ಕಂಡರೆ ನಿಜಕ್ಕೂ ಭಯವಾಗುತ್ತದೆ. ಹಾರ್ಟ್ ಬ್ಲಾಕ್, ಅಂದರೆ ರಕ್ತನಾಳದ ಅಡಚಣೆಯಲ್ಲ, ಈ ವಿದ್ಯುತ್ ಸಂಕೇತವೇ ತಡವಾಗುವುದು ಅಥವಾ ತಡೆಯಾಗುವುದು, ಯಾವ ಲಕ್ಷಣವೂ ಇಲ್ಲದೆ ಬರಬಹುದು. ಬೀಟಾ ಬ್ಲಾಕರ್ (ಬಿಪಿ, ಹೃದಯದ ತೊಂದರೆಗಳಿಗೆ ಕೊಡುವ ಒಂದು ಬಗೆಯ ಔಷಧ) ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಗ್ರೇಪ್‌ಫ್ರೂಟ್ (ಚಕ್ಕೋತದಂಥ ಹಣ್ಣು) ಬೇಡ, ರಕ್ತದಲ್ಲಿ ಔಷಧದ ಮಟ್ಟ ಏರುತ್ತದೆ. ಮಲಬದ್ಧತೆ ತುಂಬಾ ಸಾಮಾನ್ಯ. ನೀರು, ನಾರಿನಂಶ ಮೊದಲ ದಿನದಿಂದಲೇ ಹೆಚ್ಚಿಸಿ.

ಗುಣ ಕಾಣಲು ಒಂದೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯ ಚಿಕ್ಕ ಕೋರ್ಸ್, ಇಲ್ಲವೇ ತಲೆಯ ಹಿಂಭಾಗದ ನರದ ಬಳಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ನಡುವೆ ನೋವು ಬಂದರೆ ಮಾಸ್ಕಿನಲ್ಲಿ ಆಮ್ಲಜನಕ, ನಿಮಿಷಕ್ಕೆ 12–15 ಲೀಟರ್, 15 ನಿಮಿಷ. ಸರಣಿ ಮುಗಿದು ಎರಡು ವಾರ ನೋವಿಲ್ಲದಿದ್ದರೆ ವೈದ್ಯರ ಸಲಹೆಯಂತೆ ಡೋಸ್ ಹಂತಹಂತವಾಗಿ ಇಳಿಸಿ. ಇಳಿಸುವಾಗ ನೋವು ಮರಳಿದರೆ ಹಿಂದಿನ ಡೋಸಿಗೇ ಹೋಗಬೇಕಾಗುತ್ತದೆ.